ಜೈಲಿನಲ್ಲಿ ಕುರು ಹರಡದಂತೆ ನೋಡಿಕೊಳ್ಳುವುದು ಹೇಗೆ

ಕಳೆದ ತಿಂಗಳು ಮಂಗಳೂರಿನಿಂದ ನನ್ನ ನರ್ಸಿಂಗ್ ಗೆಳತಿಯ ತಂಗಿ ಫೋನ್ ಮಾಡಿದ್ದಳು. ಅವಳಿಗೆ ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಕೌಂಟಿ ಜೈಲಿನ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕ್ಲಿನಿಕ್‌ನಲ್ಲಿ ಕೆಲಸ ಸಿಕ್ಕಿದೆ. “ಅಕ್ಕಾ, ನಾನು ಐಸಿಯುನಲ್ಲಿ ಇದ್ದವಳು. ಜೈಲಿಗೆ ಹೋಗೋ ಮೊದಲು ಏನು ಕಲೀಬೇಕು?” ಅಂತ ಕೇಳಿದಳು.

“ಕುರು ನೋಡೋದು ಕಲಿ” ಅಂದೆ.

ಅವಳಿಗೆ ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತದೆ. ವೆಂಟಿಲೇಟರ್ ನೋಡಿಕೊಂಡವಳಿಗೆ ಕುರು ನೋಡು ಅಂದರೆ ಬೇಜಾರಾಗದೇ ಇರುತ್ತದಾ? ಆದರೆ ನಾನು ಕ್ಯಾಲಿಫೋರ್ನಿಯಾದ ಒಂದು ಕೌಂಟಿ ಜೈಲಿನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಹೆಚ್ಚಿನದು ರಾತ್ರಿ ಪಾಳಿ. ಎದೆನೋವು ನೋಡಿದ್ದೇನೆ, ಫಿಟ್ಸ್ ನೋಡಿದ್ದೇನೆ, ಹೆರಾಯಿನ್ ಬಿಟ್ಟ ಮೂರನೇ ದಿನದ ನಡುಕ ನೋಡಿದ್ದೇನೆ. ಅವೆಲ್ಲ ಒಬ್ಬರಿಗೆ ಬಂದು ಒಬ್ಬರಲ್ಲೇ ಮುಗಿಯುತ್ತವೆ. ಕುರು ಹಾಗಲ್ಲ. ಇವತ್ತು ಒಬ್ಬನ ತೊಡೆಯ ಮೇಲೆ ಇದ್ದದ್ದು ಮುಂದಿನ ವಾರ ಅದೇ ಸಾಲಿನ ಮೂರು ಬಂಕ್‌ಗಳಲ್ಲಿ (ಮಲಗುವ ಮಂಚಗಳಲ್ಲಿ) ಇರುತ್ತದೆ.

ಅವಳಿಗೆ ಫೋನಿನಲ್ಲಿ ಹೇಳಿದ್ದು, ಫೋನ್ ಇಟ್ಟ ಮೇಲೆ ನೆನಪಾದದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಜೈಲಿನಲ್ಲಿ ಕೆಲಸಕ್ಕೆ ಸೇರುವವರಿಗೆ ಇದು. ಒಳಗೆ ತಮ್ಮವರು ಯಾರಾದರೂ ಇರುವ ಮನೆಯವರಿಗೂ ಸ್ವಲ್ಪ ಇದೆ.

ಇದು ಯಾವ ಕೀಟಾಣು

ಪೂರ್ತಿ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್. ಎಲ್ಲರೂ ಸ್ಟ್ಯಾಫ್ ಅನ್ನುತ್ತಾರೆ. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಮೂರು ಜನರ ಮೂಗಿನೊಳಗೆ ಅದು ಸುಮ್ನೆ ಕೂತಿರುತ್ತದೆ. ಏನೂ ತೊಂದರೆ ಕೊಡುವುದಿಲ್ಲ. ಚರ್ಮದಲ್ಲಿ ಒಂದು ಗೀರು, ಒಂದು ಬ್ಲೇಡ್ ಗಾಯ ಸಿಕ್ಕಿದರೆ ಒಳಗೆ ಇಳಿದು ಕೀವು ಕಟ್ಟುತ್ತದೆ. ಪೆನಿಸಿಲಿನ್ ಬಂದ ಕೆಲವೇ ವರ್ಷಗಳಲ್ಲಿ ಸ್ಟ್ಯಾಫ್ ಅದಕ್ಕೆ ಜಗ್ಗದಂತಾಯಿತು. ಅದಕ್ಕಾಗಿ 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲಿ ಇಂಗ್ಲೆಂಡಿನಲ್ಲಿ ಮೆಥಿಸಿಲಿನ್‌ಗೂ ಜಗ್ಗದ ಸ್ಟ್ಯಾಫ್ ಕಾಣಿಸಿತು. ಅದೇ ಎಂಆರ್‌ಎಸ್‌ಎ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಹೀಗೆ ನಮ್ಮ ಕೈ ಮೊದಲು ಹೋಗುವ ಮಾತ್ರೆಗಳು ಅದರ ಮೇಲೆ ನಡೆಯುವುದಿಲ್ಲ.

ತುಂಬಾ ವರ್ಷ ಅದು ಆಸ್ಪತ್ರೆಯೊಳಗಿನ ಕಾಯಿಲೆಯಾಗಿತ್ತು. 1990ರ ದಶಕದಲ್ಲಿ ಹೊರಗಿನ ಗಟ್ಟಿಮುಟ್ಟಾದ ಜನರಲ್ಲೂ ಕಾಣಿಸತೊಡಗಿತು. ಜೈಲು ಅದಕ್ಕೆ ಹೇಳಿ ಮಾಡಿಸಿದ ಜಾಗ. 2000ದಲ್ಲಿ ಮಿಸಿಸಿಪಿಯ ಒಂದು ರಾಜ್ಯ ಜೈಲಿನಲ್ಲಿ ಹರಡಿದ್ದನ್ನು ಸರ್ಕಾರಿ ತಜ್ಞರು ಹೋಗಿ ನೋಡಿದರು. 2002ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಜೈಲಿನಲ್ಲಿ ಒಂದೇ ವರ್ಷಕ್ಕೆ 928 ಕೈದಿಗಳ ಗಾಯಗಳಲ್ಲಿ ಎಂಆರ್‌ಎಸ್‌ಎ ಸಿಕ್ಕಿತು. ಜಾರ್ಜಿಯಾ, ಟೆಕ್ಸಸ್ ಜೈಲುಗಳಿಂದಲೂ ಅದೇ ಸುದ್ದಿ. ಕೊನೆಗೆ ಕೇಂದ್ರ ಸರ್ಕಾರದ ಜೈಲುಗಳನ್ನು ನಡೆಸುವ ಫೆಡರಲ್ ಬ್ಯೂರೋ ಆಫ್ ಪ್ರಿಸನ್ಸ್ ತನ್ನ ಜೈಲುಗಳ ಡಾಕ್ಟರ್, ನರ್ಸ್‌ಗಳಿಗೆ ಇದಕ್ಕೇ ಅಂತ ಮಾರ್ಗಸೂಚಿ ಬರೆದುಕೊಟ್ಟಿತು.

ಮಿಸಿಸಿಪಿಯ ವರದಿಯಲ್ಲಿ ಓದಿದ ಒಂದು ವಿಷಯ ನನ್ನ ತಲೆಯಿಂದ ಹೋಗಿಲ್ಲ. ಅಲ್ಲಿನ ಕೈದಿಗಳು ತಮ್ಮ ಕುರುವನ್ನು ತಾವೇ ಒಡೆದುಕೊಳ್ಳುತ್ತಿದ್ದರು, ಒಬ್ಬರದನ್ನು ಇನ್ನೊಬ್ಬರು ಒಡೆದುಕೊಡುತ್ತಿದ್ದರು. ಉಗುರಿನಿಂದ, ಚಿಮಟದಿಂದ. ಲೋಷನ್, ಉಗುರು ಕತ್ತರಿ, ಹಾಸಿಗೆ ಬಟ್ಟೆಗಳನ್ನೂ ಹಂಚಿಕೊಳ್ಳುತ್ತಿದ್ದರು. ಅಷ್ಟು ನೋವಿಟ್ಟುಕೊಂಡು ಕ್ಲಿನಿಕ್‌ಗೆ ಬಾರದೆ ಪಕ್ಕದ ಬಂಕ್‌ನವರ ಉಗುರಿನ ಮೊರೆ ಹೋದರು ಅಂದರೆ ಏನರ್ಥ? ನಾನು ಇಲ್ಲಿ ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಕೈದಿ ತನ್ನ ಕುರುವನ್ನು ಬೇಗ ತೋರಿಸುವಂತಾದರೆ ಅರ್ಧ ಕೆಲಸ ಆದ ಹಾಗೆ. ಅವನು ಮುಚ್ಚಿಟ್ಟರೆ ನೀವು ಎಷ್ಟು ಬ್ಲೀಚ್ ಸುರಿದರೂ ಸಾಲದು.

ಜೇಡ ಅಂದಾಗ ನಂಬಬೇಡಿ

ಎರಡನೇ ವರ್ಷದಲ್ಲಿ ನಾನೊಂದು ತಪ್ಪು ಮಾಡಿದೆ. 22 ವರ್ಷದ ಹುಡುಗ. ತೊಡೆಯ ಹಿಂಭಾಗದಲ್ಲಿ ಎಂಟಾಣೆ ಅಗಲದ ಕೆಂಪು, ನಡುವೆ ಒಂದು ಕಪ್ಪು ಚುಕ್ಕೆ. ಮುಟ್ಟಿದರೆ ಬಿಸಿ. “ರಾತ್ರಿ ಜೇಡ ಕಚ್ಚಿದೆ” ಅಂದ. ನೋಡಲು ಹಾಗೇ ಇತ್ತು. ನಾನು ಚಾರ್ಟ್‌ನಲ್ಲಿ ಜೇಡ ಕಡಿತ ಅಂತಲೇ ಬರೆದೆ. ತುರಿಕೆ ಮಾತ್ರೆ, ಐಬುಪ್ರೊಫೆನ್ ಕೊಟ್ಟು ಕಳಿಸಿದೆ. ಮುಚ್ಚಲು ಒಂದು ಪಟ್ಟಿ ಕೂಡ ಹಾಕಲಿಲ್ಲ.

ಐದನೇ ದಿನ ಅವನಿಗೆ 103 ಡಿಗ್ರಿ ಜ್ವರ. ಆಸ್ಪತ್ರೆಗೆ ಕಳಿಸಬೇಕಾಯಿತು. ಒಂಬತ್ತು ದಿನ ರಕ್ತನಾಳಕ್ಕೆ ವ್ಯಾಂಕೊಮೈಸಿನ್ ಅನ್ನುವ ಔಷಧ ಹೋಯಿತು. ಅಷ್ಟರಲ್ಲಿ ಅದೇ ಡಾರ್ಮ್‌ನ, ಅಂದರೆ ಎಲ್ಲರೂ ಒಟ್ಟಿಗೆ ಮಲಗುವ ಹಾಲ್‌ನ, ಇನ್ನೂ ಮೂವರಿಗೆ ಜೇಡ ಕಚ್ಚಿತ್ತು. ಅವರಲ್ಲಿ ಒಬ್ಬ ಆ ಹುಡುಗನ ಕುರುವನ್ನು ಹಿಂಡಿಕೊಟ್ಟವನು. ನಮ್ಮ ಡಾಕ್ಟರ್ ನನ್ನನ್ನು ಬೈಯಲಿಲ್ಲ. “ನೀವು ಜೇಡ ನೋಡಿದಿರಾ?” ಅಂತ ಮಾತ್ರ ಕೇಳಿದರು. ಆಮೇಲೆ ನಾನು ಓದಿ ತಿಳಿದದ್ದು: ಎಲ್ಲರೂ ಹೆಸರು ಹೇಳುವ ಆ ಬ್ರೌನ್ ರೆಕ್ಲೂಸ್ ಜೇಡ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿಯೇ ಇಲ್ಲ. ಲಾಸ್ ಏಂಜಲೀಸ್ ಜೈಲಿನಲ್ಲೂ ಮೊದಲು ಜೇಡದ ಮೇಲೇ ಅನುಮಾನ ಹೋಗಿತ್ತು.

ಹಾಗಾಗಿ ನಿಯಮ ಒಂದೇ. ಜೈಲಿನಲ್ಲಿ ಯಾರಾದರೂ ಜೇಡ ಅಂದರೆ, ಜೇಡವನ್ನು ಕಣ್ಣಾರೆ ನೋಡುವ ತನಕ ಅದು ಸ್ಟ್ಯಾಫ್. ಪಟ್ಟಿ ಹಾಕಿ, ಡಾಕ್ಟರ್‌ಗೆ ತೋರಿಸಿ, ಕೀವು ಇದ್ದರೆ ಲ್ಯಾಬಿಗೆ ಕಲ್ಚರ್ ಪರೀಕ್ಷೆಗೆ ಕಳಿಸಿ.

ಒಳಗೆ ಬರುವಾಗಲೇ ಕೇಳುವ ರೀತಿ

ಬುಕಿಂಗ್‌ನಲ್ಲಿ, ಅಂದರೆ ಹೊಸಬರನ್ನು ಜೈಲಿಗೆ ದಾಖಲಿಸುವ ಕಡೆ, ಎಲ್ಲರಿಗೂ ಒಂದು ಫಾರಂ ಇರುತ್ತದೆ. “ಚರ್ಮದ ಸೋಂಕು ಇದೆಯಾ?” ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಬೆಳಗಿನ ಜಾವ ಮೂರು ಗಂಟೆ, ಕೈಗೆ ಕೋಳ, ಮೈಯಲ್ಲಿ ಇನ್ನೂ ಇಳಿಯದ ನಶೆ. ಯಾರಿಗೆ ಬೇಕು ಚರ್ಮದ ಮಾತು? ಪ್ರಶ್ನೆಯನ್ನೇ ಬೇರೆ ಮಾಡಿ. ಈ ಎರಡು ತಿಂಗಳಲ್ಲಿ ಕುರು ಎದ್ದಿತ್ತಾ? ಜೇಡ ಕಚ್ಚಿತ್ತಾ? ಸೂಜಿ ಚುಚ್ಚಿಕೊಂಡ ಜಾಗ ಊದಿದೆಯಾ? ಬಟ್ಟೆ ಬದಲಿಸುವಾಗ ತೊಡೆಸಂದು, ಕಂಕುಳು, ಪಿರ್ರೆ, ಕತ್ತಿನ ಹಿಂದೆ ನೋಡಿ. ಕುರು ಹೆಚ್ಚಾಗಿ ಏಳುವುದು ಅಲ್ಲೇ. ನಾಚಿಕೆಯಿಂದ ಮುಚ್ಚಿಡುವ ಜಾಗಗಳೂ ಅವೇ.

ಕುರು ಸಿಕ್ಕಿದರೆ ಮೊದಲು ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಕೆಂಪು ಎಲ್ಲಿ ನಿಂತಿದೆಯೋ ಅಲ್ಲಿ ಸುತ್ತಲೂ. ಪಕ್ಕದಲ್ಲಿ ತಾರೀಖು, ಗಂಟೆ ಬರೆಯಿರಿ. ಇದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಮುಂದಿನ ಪಾಳಿಯವರು ಬಂದು ನೋಡಿದಾಗ ಕೆಂಪು ಗೆರೆ ದಾಟಿದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ. ಒಳಗೆ ನೀರು ತುಂಬಿದ ಹಾಗೆ ಮೆತ್ತಗೆ ಅಲುಗಿದರೆ ಕೀವು ಸೇರಿದೆ ಅಂತ ಅರ್ಥ. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಇನ್ನೂ ಹಣ್ಣಾಗಿಲ್ಲ. ಅಂಥದ್ದಕ್ಕೆ ಬಿಸಿನೀರಿನ ಬಟ್ಟೆಯ ಶಾಖ, ದಿನಕ್ಕೆ ಮೂರ್ನಾಲ್ಕು ಸಲ. ಬಳಸಿದ ಬಟ್ಟೆ ನೇರ ಲಾಂಡ್ರಿ ಚೀಲಕ್ಕೆ ಹೋಗಬೇಕು. ನನ್ನ ಅಮ್ಮ ಕಾರ್ಕಳದಲ್ಲಿ ಈರುಳ್ಳಿ ಸುಟ್ಟು ಕಟ್ಟುತ್ತಿದ್ದಳು. ಕೆಲಸ ಮಾಡುತ್ತಿದ್ದದ್ದು ಆ ಬಿಸಿಯೇ ಅಂತ ಈಗ ಅನಿಸುತ್ತದೆ.

ಕೆಲವನ್ನು ಬೆಳಗಾಗುವ ತನಕ ಕಾಯಿಸಬಾರದು. ಜ್ವರ, ಚಳಿ. ಗೆರೆ ದಾಟಿ ಓಡುವ ಕೆಂಪು. ಮೂಗು, ಮೇಲ್ತುಟಿಯ ಸುತ್ತ ಎದ್ದ ಕುರು. ಬೆರಳು ಮಡಚಲಾಗದ ಕೈ. ಕಾಣುವ ಗಾಯಕ್ಕಿಂತ ಎಷ್ಟೋ ಪಾಲು ಜಾಸ್ತಿ ನೋವು. ಸಕ್ಕರೆ ಕಾಯಿಲೆಯವರು, ಎಚ್‌ಐವಿ ಇರುವವರು. ಸೂಜಿ ಹಾಕಿಕೊಳ್ಳುವವನು ಬೆನ್ನುನೋವು, ಜ್ವರ ಎರಡನ್ನೂ ಒಟ್ಟಿಗೆ ಹೇಳಿದರೆ ಎದ್ದು ಫೋನ್ ಮಾಡಿ. ಸ್ಟ್ಯಾಫ್ ಬೆನ್ನುಮೂಳೆಗೋ ಹೃದಯದ ಕವಾಟಕ್ಕೋ ಹೋಗಿ ಕೂತಿರಬಹುದು.

ಕೀವು, ಪಟ್ಟಿ, ಮಾತ್ರೆ

ಕೀವು ಸೇರಿದ ಕುರುವಿಗೆ ಮೊದಲ ಮದ್ದು ಕತ್ತಿ. ಡಾಕ್ಟರ್ ಮರಗಟ್ಟಿಸಿ, ಕೊಯ್ದು, ಒಳಗಿನ ಗೂಡುಗಳನ್ನೆಲ್ಲ ಒಡೆದು ಕೀವು ತೆಗೆಯಬೇಕು. ಮಾತ್ರೆ ಕೊಟ್ಟು ಕೀವನ್ನು ಒಳಗೇ ಬಿಟ್ಟರೆ ಮಾತ್ರೆ ದಂಡ. ಕೀವಿನ ಸ್ವ್ಯಾಬ್ ಲ್ಯಾಬಿಗೆ ಹೋಗಲಿ. ಎರಡು ಮೂರು ದಿನದಲ್ಲಿ ಯಾವ ಔಷಧ ನಡೆಯುತ್ತದೆ ಅಂತ ಬರುತ್ತದೆ. ಆ ಫಲಿತಾಂಶವನ್ನು ಯಾರಾದರೂ ತೆರೆದು ನೋಡಿದ್ದಾರಾ ಅಂತ ನೀವೇ ವಿಚಾರಿಸಿ. ಮೂರು ಪಾಳಿಯ ನಡುವೆ ಕಾಗದ ಕಳೆದುಹೋಗುವುದು ಜೈಲಿನಲ್ಲಿ ಹೊಸದಲ್ಲ.

ಪಟ್ಟಿಯ ಮಾತು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹರಡುವುದನ್ನು ತಡೆಯುವುದು ಇದೇ. ಜೈಲಿನಲ್ಲಿ ಕತ್ತರಿಯನ್ನೂ ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಎಲಾಸ್ಟಿಕ್ ಬ್ಯಾಂಡೇಜ್ ಒಳಗೆ ಬಿಡುವುದಿಲ್ಲ, ಕುತ್ತಿಗೆಗೆ ಸುತ್ತಿಕೊಂಡಾರು ಅಂತ. ಉಳಿದದ್ದು ಗಾಜ್ (ಗಾಯಕ್ಕೆ ಇಡುವ ತೆಳು ಬಟ್ಟೆ) ಮತ್ತು ಪೇಪರ್ ಟೇಪ್. ಬೆವರಿಗೆ ಪೇಪರ್ ಟೇಪ್ ಒಂದು ಗಂಟೆ ನಿಲ್ಲುವುದಿಲ್ಲ. ನಾನು ಮಾಡುವುದು ಹೀಗೆ: ಮೊದಲು ಗಾಯದ ಸುತ್ತಲಿನ ಚರ್ಮವನ್ನು ಸೋಪು ನೀರಿನಲ್ಲಿ ಒರೆಸಿ ಪೂರ್ತಿ ಒಣಗಲು ಬಿಡುತ್ತೇನೆ. ಗಾಜ್ ಬಟ್ಟೆಯನ್ನು ನಾಲ್ಕು ಮಡಿಕೆ ಇಡುತ್ತೇನೆ. ಟೇಪನ್ನು ನಾಲ್ಕು ಕಡೆಗೂ ಚೌಕಟ್ಟಿನ ಹಾಗೆ ಹಚ್ಚುತ್ತೇನೆ, ಒಂದು ಅಂಚೂ ಬಿಡದೆ. ಮೂಲೆಗಳನ್ನು ದುಂಡಗೆ ಕತ್ತರಿಸುತ್ತೇನೆ, ಬಟ್ಟೆಗೆ ಸಿಕ್ಕಿ ಏಳಬಾರದು ಅಂತ. ಆಮೇಲೆ ಅವನನ್ನು ಎಬ್ಬಿಸಿ ಕೂರಿಸಿ, ಬಗ್ಗಿಸಿ, ನಡೆಸಿ ನೋಡುತ್ತೇನೆ. ಪಟ್ಟಿ ಕಿತ್ತುಬಂದರೆ ಮತ್ತೆ ಹಾಕುತ್ತೇನೆ. ಹತ್ತು ನಿಮಿಷ ಹೋಗುತ್ತದೆ. ಡಾರ್ಮ್‌ನಲ್ಲಿ 60 ಜನ ಮಲಗುತ್ತಾರೆ, ಹತ್ತು ನಿಮಿಷ ದೊಡ್ಡದಲ್ಲ.

ಹೋಗುವಾಗ ಕೈಗೆ ಎರಡು ಗಾಜ್, ಒಂದಿಷ್ಟು ಟೇಪ್ ಕೊಡಿ. ಮಧ್ಯರಾತ್ರಿ ಪಟ್ಟಿ ನೆನೆದರೆ ಅವನು ಏನು ಮಾಡಬೇಕು? ಏನೂ ಕೊಡದಿದ್ದರೆ ಟಾಯ್ಲೆಟ್ ಪೇಪರ್ ಅಂಟಿಸಿಕೊಳ್ಳುತ್ತಾನೆ. ಕೀವು ಸೋಕಿದ ಪಟ್ಟಿ ಎಲ್ಲಿ ಬಿಸಾಡಬೇಕು ಅಂತ ಜಾಗ ತೋರಿಸಿ, ಒಂದು ಪ್ಲಾಸ್ಟಿಕ್ ಕವರ್ ಕೊಡಿ.

ಮಾತ್ರೆ ಬರೆಯುವುದು ಡಾಕ್ಟರ್ ಕೆಲಸ. ಹೆಚ್ಚಾಗಿ ಬರೆಯುವುದು ಬ್ಯಾಕ್ಟ್ರಿಮ್, ನಮ್ಮೂರ ಔಷಧಿ ಅಂಗಡಿಯಲ್ಲಿ ಸೆಪ್ಟ್ರಾನ್ ಅಂತ ಸಿಗುವುದು ಅದೇ. ಇಲ್ಲವಾದರೆ ಡಾಕ್ಸಿಸೈಕ್ಲಿನ್ ಅಥವಾ ಕ್ಲಿಂಡಾಮೈಸಿನ್. ಬ್ಯಾಕ್ಟ್ರಿಮ್ ಸಲ್ಫಾ ಔಷಧ, ಹಾಗಾಗಿ ಸಲ್ಫಾ ಅಲರ್ಜಿ ಇದೆಯಾ ಅಂತ ಎರಡು ಸಲ ಕೇಳಿ. ಕ್ಲಿಂಡಾಮೈಸಿನ್ ತೆಗೆದುಕೊಳ್ಳುವವರಿಗೆ ಭೇದಿ ಶುರುವಾದರೆ ತಕ್ಷಣ ತಿಳಿಸಲು ಹೇಳಿ. ನರ್ಸ್ ಕೈಯಲ್ಲಿ ಇರುವುದು ಬೇರೆ ಒಂದು ವಿಷಯ, ಅದೇನೆಂದರೆ ಡೋಸ್ ತಪ್ಪದಂತೆ ನೋಡುವುದು. ಕೋರ್ಟಿಗೆ ಹೋಗುವವರನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಬಸ್ ಹತ್ತಿಸುತ್ತಾರೆ. ಮಾತ್ರೆ ಗಾಡಿ ಬರುವುದು ಏಳಕ್ಕೆ. ಸಂಜೆ ಅವರು ವಾಪಸ್ ಬರುವಾಗ ಸಂಜೆಯ ಗಾಡಿಯೂ ಹೋಗಿರುತ್ತದೆ. ವಾರದಲ್ಲಿ ಎರಡು ದಿನ ಕೋರ್ಟ್ ಇದ್ದವನಿಗೆ ನಾಲ್ಕು ಡೋಸ್ ತಪ್ಪಿದವು. ಅರ್ಧಂಬರ್ಧ ಔಷಧ ಕುಡಿಸಿ ಕೀಟಾಣುವನ್ನು ಇನ್ನಷ್ಟು ಗಟ್ಟಿ ಮಾಡುವುದು ನಾವೇ ಆಗುತ್ತೇವೆ. ಕೋರ್ಟಿಗೆ ಹೋಗುವವರ ಹೆಸರಿನ ಪಟ್ಟಿಯನ್ನು ಹಿಂದಿನ ರಾತ್ರಿ ತರಿಸಿಕೊಳ್ಳಿ. ಸಾಧ್ಯವಾದರೆ ಮಾತ್ರೆಯನ್ನು ಅವರ ಕೈಯಲ್ಲೇ ಇಟ್ಟುಕೊಳ್ಳಲು ಅನುಮತಿ ಕೇಳಿ.

ಮೂಗಿಗೆ ಮ್ಯುಪಿರೋಸಿನ್ ಮುಲಾಮು ದಿನಕ್ಕೆ ಎರಡು ಸಲ ಐದು ದಿನ, ಮೈಗೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕು ನಿವಾರಕದ ಸ್ನಾನ. ಇದು ಪದೇ ಪದೇ ಕುರು ಏಳುವವರಿಗೆ ಮಾತ್ರ. ಇಡೀ ಡಾರ್ಮ್‌ಗೆ ಹಚ್ಚಿಬಿಡೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮ್ಯುಪಿರೋಸಿನ್‌ಗೂ ಜಗ್ಗದ ಸ್ಟ್ಯಾಫ್ ಬರುತ್ತದೆ.

ಒಂದು ಸೋಪು, ಆರು ಜನ

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದು ಹರಡಲು ಐದು ಕಾರಣ ಹೇಳುತ್ತದೆ: ಕಿಕ್ಕಿರಿದು ಇರುವುದು, ಮೈಗೆ ಮೈ ತಾಗುವುದು, ಚರ್ಮ ಒಡೆದಿರುವುದು, ಕೀವು ಸೋಕಿದ ವಸ್ತು, ಶುಚಿಗೆ ಬೇಕಾದ್ದು ಇಲ್ಲದಿರುವುದು. ಮೊದಲನೆಯದನ್ನು ನರ್ಸ್ ಸರಿಮಾಡಲು ಆಗುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಜೈಲುಗಳಲ್ಲಿ ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಜನ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟೇ ಸಂಖ್ಯೆ ಇಳಿಸಿ ಅನ್ನಬೇಕಾಯಿತು. ಉಳಿದ ನಾಲ್ಕರಲ್ಲಿ ನಮ್ಮ ಕೈ ಹೋಗುತ್ತದೆ.

ಆಸ್ಪತ್ರೆಯಲ್ಲಿ ಗೋಡೆಗೆ ಗೋಡೆಗೆ ಕೈ ಸ್ಯಾನಿಟೈಸರ್ ಇರುತ್ತದೆ. ಇಲ್ಲಿ ಅದರಲ್ಲಿ ಆಲ್ಕೋಹಾಲ್ ಇದೆ, ಕುಡಿದುಬಿಡುತ್ತಾರೆ ಅಂತ ಇಡುವುದಿಲ್ಲ. ಹಾಗಾದರೆ ಉಳಿಯುವುದು ಸೋಪು. ನಮ್ಮಲ್ಲಿ ಹೋಟೆಲಿನ ಸೋಪಿನಷ್ಟು ಚಿಕ್ಕ ಬಿಲ್ಲೆ ಕೊಡುತ್ತಿದ್ದರು. ಮೂರು ದಿನಕ್ಕೆ ಕರಗಿಹೋಗುತ್ತಿತ್ತು. ಒಮ್ಮೆ ಒಂದು ಡಾರ್ಮ್‌ನ ಸಿಂಕ್ ಹತ್ತಿರ ನಿಂತು ನೋಡಿದೆ. ಅಂಚಿನ ಮೇಲೆ ಒಂದೇ ಒಂದು ಸೋಪಿನ ಚೂರು, ಅದರ ಮೇಲೆ ಎರಡು ಕೂದಲು. ನಾನು ನಿಂತಷ್ಟು ಹೊತ್ತಿನಲ್ಲಿ ಆರು ಜನ ಅದನ್ನು ಉಜ್ಜಿ ಅಲ್ಲೇ ಇಟ್ಟು ಹೋದರು. ಅವರಲ್ಲಿ ಒಬ್ಬನ ಮೊಣಕೈ ಮೇಲೆ ನಾನೇ ಹಾಕಿದ ಪಟ್ಟಿ ಇತ್ತು. ಆ ದಿನದಿಂದ ಪ್ರತಿ ಮೀಟಿಂಗ್‌ನಲ್ಲಿ ಸೋಪಿನ ಮಾತು ಎತ್ತಿದೆ. ಗೋಡೆಗೆ ದ್ರವ ಸೋಪಿನ ಡಬ್ಬಿ ಬರಲು ಎಂಟು ತಿಂಗಳು ಹಿಡಿಯಿತು. ನೀವೂ ಬಿಡಬೇಡಿ.

ಬಟ್ಟೆಯನ್ನು ಸಿಂಕಿನಲ್ಲಿ ಕೈಯಲ್ಲಿ ಒಗೆದುಕೊಳ್ಳುವುದು ಅಪಾಯ. ಜಾರ್ಜಿಯಾದಲ್ಲಿ ಸೋಂಕು ಬಂದವರನ್ನೂ ಬಾರದವರನ್ನೂ ಹೋಲಿಸಿ ನೋಡಿದಾಗ ಕೈಯಲ್ಲಿ ಬಟ್ಟೆ ಒಗೆಯುವುದು, ಸೋಪು ಹಂಚಿಕೊಳ್ಳುವುದು, ಕುರುವನ್ನು ತಾನೇ ಒಡೆದುಕೊಳ್ಳುವುದು ಎಲ್ಲ ಎದ್ದು ಕಂಡವು. ಲಾಂಡ್ರಿಯಲ್ಲಿ ನೀರು 71 ಡಿಗ್ರಿ ಸೆಲ್ಸಿಯಸ್ ಇರಬೇಕು, 25 ನಿಮಿಷ. ಡ್ರೈಯರ್‌ನಿಂದ ಪೂರ್ತಿ ಒಣಗಿ ಬರಬೇಕು. ನಮ್ಮ ಮೆಷಿನ್ ಎಷ್ಟು ಬಿಸಿಯಾಗುತ್ತದೆ ಅಂತ ಯಾರನ್ನಾದರೂ ಕೇಳಿದ್ದೀರಾ? ಕೇಳಿ. ಗಾಯ ಇರುವವನಿಗೆ ಹಾಸಿಗೆ ಬಟ್ಟೆ, ಟವೆಲ್ ವಾರಕ್ಕೊಮ್ಮೆ ಸಾಲದು, ದಿನಾ ಬದಲಾಗಬೇಕು.

ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಬಿರುಕು ಬಿಟ್ಟಿದ್ದರೆ ಒರೆಸಿ ಪ್ರಯೋಜನ ಇಲ್ಲ, ಕೀವು ಸ್ಪಂಜಿನೊಳಗೆ ಹೋಗಿರುತ್ತದೆ. ಅದನ್ನು ತೆಗೆಸಿ. ಉಳಿದ ಕಡೆ ಮೊದಲು ಸೋಪು ನೀರಿನಲ್ಲಿ ಕೊಳೆ ತೆಗೆದು, ಆಮೇಲೆ ಬ್ಲೀಚ್. ಒಂದು ಲೀಟರ್ ನೀರಿಗೆ 10 ಮಿಲಿ, ದಿನಾ ಹೊಸದಾಗಿ ಕಲಸಿದ್ದು. ಕೊಳೆಯ ಮೇಲೆ ಬ್ಲೀಚ್ ಹಾಕಿದರೆ ಕೆಲಸ ಮಾಡುವುದಿಲ್ಲ. ಹಚ್ಚಿದ ತಕ್ಷಣ ಒರೆಸಿದರೂ ಇಲ್ಲ, ಹತ್ತು ನಿಮಿಷ ಒದ್ದೆಯಾಗೇ ಇರಲಿ. ಬೇರೆ ಯಾವ ಕ್ಲೀನರ್ ಜೊತೆಗೂ ಬ್ಲೀಚ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಒಂದು ನೋಟ್‌ಬುಕ್ ಇಡಿ

ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಡಾರ್ಮ್‌ನ ಬಂಕ್‌ಗಳ ನಕ್ಷೆ ಬರೆದಿಟ್ಟೆ. ಕುರು ಬಂದವರ ಬಂಕ್‌ಗೆ ಒಂದು ಚುಕ್ಕೆ, ಪಕ್ಕದಲ್ಲಿ ತಾರೀಖು, ಮೈಯ ಯಾವ ಜಾಗ. ಹೆಸರು ಬರೆಯುತ್ತಿರಲಿಲ್ಲ. ಒಂದೇ ಡಾರ್ಮ್‌ನಲ್ಲಿ ಒಂದು ತಿಂಗಳೊಳಗೆ ಎರಡು ಚುಕ್ಕೆ ಬಂದರೆ ಅಲ್ಲಿದ್ದ ಎಲ್ಲರ ಮೈ ಒಮ್ಮೆ ನೋಡುತ್ತೇವೆ.

ಒಮ್ಮೆ ಐದು ಚುಕ್ಕೆ ಬಂದವು, ಒಂದೂ ಅಕ್ಕಪಕ್ಕ ಇಲ್ಲ. ಎರಡು ಬೇರೆ ಬೇರೆ ಡಾರ್ಮ್. ಒಟ್ಟಿಗೆ ಊಟ ಮಾಡುವವರಲ್ಲ, ಒಟ್ಟಿಗೆ ಕೆಲಸಕ್ಕೆ ಹೋಗುವವರಲ್ಲ. ತಲೆ ಓಡಲಿಲ್ಲ. ಎರಡನೇ ರಾತ್ರಿ ಬಂಕ್ ಬಿಟ್ಟು ಮೈಯ ಜಾಗ ಓದಿದೆ. ಕತ್ತಿನ ಹಿಂದೆ, ಕಿವಿಯ ಹಿಂದೆ, ಕತ್ತಿನ ಹಿಂದೆ, ನೆತ್ತಿ, ಕತ್ತಿನ ಹಿಂದೆ. ಭಾನುವಾರ ಕೂದಲು ಕತ್ತರಿಸುವ ಮೆಷಿನ್! ಒಂದೇ ಕ್ಲಿಪ್ಪರ್, 30 ತಲೆ, ನಡುವೆ ಒಂದು ಸಲವೂ ಒರೆಸಿರಲಿಲ್ಲ. ಪ್ರತಿ ತಲೆಯ ನಂತರ ಬ್ಲೇಡ್ ಬ್ರಷ್ ಮಾಡಿ ಸೋಂಕು ನಿವಾರಕ ಸಿಂಪಡಿಸುವ ನಿಯಮ ಬಂದ ಮೇಲೆ ಕತ್ತಿನ ಚುಕ್ಕೆ ನಿಂತವು. ಗುಟ್ಟಾಗಿ ಹಾಕಿಕೊಳ್ಳುವ ಹಚ್ಚೆ, ಹಂಚಿಕೊಂಡ ರೇಜರ್, ವ್ಯಾಯಾಮದ ಚಾಪೆ, ಇವನ್ನೂ ಇದೇ ಕಣ್ಣಿನಿಂದ ನೋಡಿ. ಜೈಲು ಕಾಯುವ ಶೆರಿಫ್ ಡೆಪ್ಯುಟಿಗಳನ್ನೂ ಮರೆಯಬೇಡಿ. ಕೋಳ ದಿನಕ್ಕೆ ಎಷ್ಟು ಮಣಿಕಟ್ಟಿಗೆ ಬೀಳುತ್ತದೆ ಅಂತ ಅವರಿಗೇ ಗೊತ್ತು. ಸೋಂಕನ್ನು ಮನೆಯ ಮಕ್ಕಳ ತನಕ ಒಯ್ದ ಡೆಪ್ಯುಟಿಯೂ ನಮ್ಮಲ್ಲಿದ್ದರು.

ಯಾಕೆ ಮುಚ್ಚಿಡುತ್ತಾರೆ

ಮೂರು ಕಾರಣ ನಾನು ಕಂಡಿದ್ದೇನೆ.

ಒಂದು ದುಡ್ಡು. ಎಷ್ಟೋ ಜೈಲುಗಳಲ್ಲಿ ನರ್ಸ್‌ನ್ನು ನೋಡಲು ಕೆಲವು ಡಾಲರ್ ಶುಲ್ಕ. ಹೊರಗಿನವರಿಗೆ ಅದು ಒಂದು ಕಾಫಿಯ ದುಡ್ಡು. ಒಳಗಿದ್ದವನಿಗೆ ವಾರದ ನೂಡಲ್ಸ್ ಪ್ಯಾಕೆಟ್‌ಗಳು. ಕ್ಯಾಲಿಫೋರ್ನಿಯಾದ ರಾಜ್ಯ ಜೈಲುಗಳು 5 ಡಾಲರ್ ಶುಲ್ಕವನ್ನು 2019ರಲ್ಲಿ ಕೈಬಿಟ್ಟವು. ಕೌಂಟಿ ಜೈಲುಗಳದ್ದು ಅವರವರ ಲೆಕ್ಕ ಆಗಿತ್ತು, 2020ರಿಂದ ರಾಜ್ಯದ ಕಾನೂನು ಅಲ್ಲೂ ಶುಲ್ಕ ನಿಲ್ಲಿಸಿತು. ಅದಕ್ಕೂ ಮೊದಲೇ ನಮ್ಮ ಜೈಲಿನಲ್ಲಿ ಕೀವಿನ ಗಾಯಕ್ಕೆ ಶುಲ್ಕ ಬೇಡ ಅಂತ ನಾವು ನರ್ಸ್‌ಗಳು ಎರಡು ವರ್ಷ ಬರೆದು ಬರೆದು ಒಪ್ಪಿಸಿದೆವು. ಶುಲ್ಕ ಹೋದ ತಿಂಗಳು ಕ್ಲಿನಿಕ್‌ಗೆ ತೋರಿಸಬೇಕು ಅಂತ ಬರೆದುಕೊಡುವ ಸಿಕ್ ಕಾಲ್ ಚೀಟಿಗಳು ಹೆಚ್ಚಾದವು. ಕುರುಗಳು ಮಾತ್ರ ಚಿಕ್ಕದಿರುವಾಗಲೇ ಬರತೊಡಗಿದವು. ನಿಮ್ಮ ಮೇಲಿನವರು ದುಡ್ಡಿನ ಮಾತಾಡಿದರೆ, ಒಬ್ಬ ಕೈದಿಯನ್ನು ಕಾವಲಿನೊಂದಿಗೆ ಒಂಬತ್ತು ದಿನ ಆಸ್ಪತ್ರೆಯಲ್ಲಿ ಇಡುವುದಕ್ಕೆ ಎಷ್ಟಾಗುತ್ತದೆ ಅಂತ ಲೆಕ್ಕ ತೋರಿಸಿ.

ಎರಡನೆಯದು ಒಂಟಿ ಸೆಲ್. ಕೀವು ಪಟ್ಟಿಯಲ್ಲಿ ನಿಲ್ಲದಷ್ಟು ಸೋರುತ್ತಿದ್ದರೆ ಮಾತ್ರ ಬೇರೆ ಇಡಬೇಕು. ಪಟ್ಟಿಯೊಳಗೆ ನಿಂತರೆ ಡಾರ್ಮ್‌ನಲ್ಲೇ ಇರಬಹುದು. ಆದರೆ ಎಷ್ಟೋ ಕಡೆ ಕುರು ಕಂಡ ಕೂಡಲೇ ಶಿಕ್ಷೆಗೆ ಬಳಸುವ ಸೆಲ್‌ಗೇ ಹಾಕುತ್ತಾರೆ. ಟಿವಿ ಇಲ್ಲ, ಫೋನ್ ಇಲ್ಲ, ಅಂಗಳಕ್ಕೆ ಬಿಡುವುದಿಲ್ಲ. ಒಬ್ಬನಿಗೆ ಹೀಗಾದದ್ದನ್ನು 60 ಜನ ನೋಡುತ್ತಾರೆ. ಆಮೇಲೆ ಆ ಡಾರ್ಮ್‌ನಲ್ಲಿ ಕುರು ಯಾರೂ ತೋರಿಸುವುದಿಲ್ಲ. ಬೇರೆ ಇಡಲೇಬೇಕಾದಾಗ ಎಷ್ಟು ದಿನ ಅಂತ ಮೊದಲೇ ಹೇಳಿ. ಮನೆಗೆ ಫೋನ್ ಮಾಡಲು ಬಿಡಿ ಅಂತ ಡೆಪ್ಯುಟಿಗೆ ನೀವೇ ಕೇಳಿ. ಕಾಯಿಲೆ ಬಂದದ್ದು ಅವನ ಅಪರಾಧ ಅಲ್ವಲ್ಲ.

ಮೂರನೆಯದು ನಮ್ಮ ಮುಖ. ಪಟ್ಟಿ ಬಿಚ್ಚಿದಾಗ ವಾಸನೆ ಬರುತ್ತದೆ. ಮುಖ ಸಿಂಡರಿಸಿದರೆ ಅವನು ಇನ್ನೊಮ್ಮೆ ಬರುವುದಿಲ್ಲ. ಎರಡು ಬಾರಿ ಆಳವಾಗಿ ಉಸಿರು ತೆಗೆದುಕೊಂಡು ಆಮೇಲೆ ಬಿಚ್ಚಿ. ತೋರಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ. ಇದನ್ನು ಕೇಳಿ ಗಟ್ಟಿ ಆಳುಗಳು ಕಣ್ಣು ತಗ್ಗಿಸಿದ್ದನ್ನು ನೋಡಿದ್ದೇನೆ.

ಮನೆಯವರಿಗೆ

ನಮ್ಮ ಕನ್ನಡದವರೂ ಒಳಗೆ ಬರುತ್ತಾರೆ. ಕುಡಿದು ಕಾರು ಓಡಿಸಿ ಬಂದವರು, ಮನೆ ಜಗಳ ಪೊಲೀಸರ ತನಕ ಹೋಗಿ ಬಂದವರು. ಮನೆಯವರು ನಾಚಿಕೆಯಿಂದ ಯಾರನ್ನೂ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮಗನೋ ಗಂಡನೋ ಫೋನಿನಲ್ಲಿ “ಏನೋ ಕಚ್ಚಿದೆ, ಊದಿದೆ” ಅಂದರೆ, ಹಿಂಡಬೇಡ ಅನ್ನಿ. ಬಾಯಲ್ಲಿ ಹೇಳಿದರೆ ಸಾಲದು, ಸಿಕ್ ಕಾಲ್ ಚೀಟಿ ಬರೆದು ಕೊಡು, ಕೊಟ್ಟ ದಿನ ಬರೆದಿಟ್ಟುಕೋ ಅನ್ನಿ. ಜ್ವರ ಇದ್ದರೆ ಚೀಟಿಗೆ ಕಾಯದೆ ಡೆಪ್ಯುಟಿಗೆ ಕೂಗಿ ಹೇಳಬೇಕು. ನೀವು ಜೈಲಿನ ಮೆಡಿಕಲ್ ವಿಭಾಗಕ್ಕೆ ಫೋನ್ ಮಾಡಿ. ಅವರು ನಿಮಗೆ ಏನೂ ಹೇಳದಿರಬಹುದು, ರೋಗಿ ಸಹಿ ಹಾಕದೆ ಮಾಹಿತಿ ಕೊಡುವ ಹಾಗಿಲ್ಲ. ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಅಡ್ಡಿ ಇಲ್ಲ. ಸಕ್ಕರೆ ಕಾಯಿಲೆ ಇದೆ, ಸಲ್ಫಾ ಅಲರ್ಜಿ ಇದೆ, ಇಂಥ ದಿನದಿಂದ ಕುರು ಇದೆ ಅಂತ ಹೇಳಿ, ಫೋನ್ ತೆಗೆದವರ ಹೆಸರು ಬರೆದುಕೊಳ್ಳಿ. ಕೈದಿಗಳ ಗಂಭೀರ ಕಾಯಿಲೆಯನ್ನು ಬೇಕಂತಲೇ ಕಡೆಗಣಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಚಿಕಿತ್ಸೆ ಕೇಳುವುದು ಉಪಕಾರ ಕೇಳಿದ ಹಾಗಲ್ಲ. ಕಮಿಸರಿ (ಜೈಲಿನೊಳಗಿನ ಅಂಗಡಿ) ಖಾತೆಗೆ ದುಡ್ಡು ಹಾಕುವುದಾದರೆ ಮೊದಲು ಸೋಪು, ಸ್ನಾನದ ಚಪ್ಪಲಿ ತೆಗೆದುಕೋ ಅನ್ನಿ.

ಬಿಡುಗಡೆಯ ರಾತ್ರಿ

ಬಿಡುಗಡೆ ಎಷ್ಟೋ ಸಲ ಮಧ್ಯರಾತ್ರಿ ಆಗುತ್ತದೆ. ಕ್ಲಿನಿಕ್‌ಗೆ ಗೊತ್ತೇ ಆಗುವುದಿಲ್ಲ. ಮಾತ್ರೆ ಗಾಡಿಯಲ್ಲೇ ಉಳಿಯುತ್ತದೆ, ತೆರೆದ ಗಾಯದೊಂದಿಗೆ ಅವನು ಬಸ್ ಸ್ಟಾಪ್‌ಗೆ ಹೋಗುತ್ತಾನೆ. ಅಲ್ಲಿಂದ ಯಾರದೋ ಸೋಫಾಕ್ಕೆ, ಇಲ್ಲವೇ ಚಿಕ್ಕ ಮಕ್ಕಳಿರುವ ಮನೆಗೆ.

ಹಾಗಾಗಿ ಔಷಧ ಶುರುವಾದ ದಿನವೇ ನಾನು ಒಂದು ಕಂದು ಕವರ್ ಸಿದ್ಧ ಮಾಡುತ್ತೇನೆ. ಹತ್ತು ಗಾಜ್, ಒಂದು ಟೇಪ್, ಕಡಿಮೆ ಖರ್ಚಿನ ಕ್ಲಿನಿಕ್‌ನ ವಿಳಾಸ. ಪೂರ್ತಿ ಕೋರ್ಸಿಗೆ ಬೇಕಾದಷ್ಟು ಮಾತ್ರೆಯ ಚೀಟಿಯನ್ನು ಡಾಕ್ಟರ್‌ರಿಂದ ಮೊದಲೇ ಬರೆಸಿಕೊಂಡು ಅದರೊಳಗೆ ಹಾಕುತ್ತೇನೆ. ಮನೆಗೆ ಹೋದ ಮೇಲೆ ಟವೆಲ್ ಬೇರೆ ಇಟ್ಟುಕೋ, ಬಟ್ಟೆ ಬಿಸಿನೀರಿನಲ್ಲಿ ಒಗೆಸು, ಗಾಯ ಒಣಗುವ ತನಕ ಮುಚ್ಚಿರಲಿ ಅಂತ ಒಂದು ಹಾಳೆ. ಕವರನ್ನು ಬುಕಿಂಗ್‌ಗೆ ಒಯ್ದು ಅವನ ಪ್ರಾಪರ್ಟಿ ಚೀಲಕ್ಕೆ ಟೇಪ್ ಹಚ್ಚಿ ಬರುತ್ತೇನೆ, ಬಟ್ಟೆ, ಪರ್ಸ್, ಬೆಲ್ಟ್ ಇರುವ ಆ ಚೀಲಕ್ಕೇ. ಎಷ್ಟೇ ಹೊತ್ತಿಗೆ ಬಿಟ್ಟರೂ ಅದನ್ನು ತೆಗೆದುಕೊಳ್ಳದೆ ಯಾರೂ ಹೊರಗೆ ಹೋಗುವುದಿಲ್ಲ. ಕವರಿನ ಮೇಲೆ ದಪ್ಪ ಪೆನ್ನಿನಲ್ಲಿ ಎರಡೇ ವಿಷಯ ಬರೆಯಿರಿ: ದಿನಕ್ಕೆ ಎಷ್ಟು ಮಾತ್ರೆ, ಯಾವ ತಾರೀಖಿನ ತನಕ.